ಅರ್ಧ ಸೀಟು, ಅರ್ಧ ರೂಮು

"ನಿಮ್ಮ ದೇಶದಲ್ಲಿ ರೈಲಿಲ್ವೇನೋ?"

ಅಮ್ಮ ಇದನ್ನ ಕೇಳಿದ್ದು 2018ರ ಆಗಸ್ಟಿನಲ್ಲಿ, ಶಿಕಾಗೋ ಪಕ್ಕದ ನೇಪರ್‌ವಿಲ್‌ನ ನಮ್ಮ ಮನೆಯ ಅಡುಗೆಕಟ್ಟೆಗೆ ಒರಗಿಕೊಂಡು. ನಾನು ಲ್ಯಾಪ್‌ಟಾಪಿನಲ್ಲಿ ಅವಳಿಗೆ ಸ್ಯಾಕ್ರಮೆಂಟೋಗೆ ವಿಮಾನದ ಟಿಕೆಟ್ ಹುಡುಕುತ್ತಿದ್ದೆ. ನಮ್ಮನೇಲಿ ಮೂರು ತಿಂಗಳು, ಅಕ್ಕನ ಮನೇಲಿ ಮೂರು ತಿಂಗಳು ಅಂತ ನಾವಿಬ್ಬರೂ ಮೊದಲೇ ಲೆಕ್ಕ ಹಾಕಿ ಇಟ್ಟಿದ್ವಿ. ನನ್ನ ಪಾಲಿನ ಮೂರು ತಿಂಗಳು ಮುಗಿಯೋದಕ್ಕೆ ಬಂದಿತ್ತು. ಅಮ್ಮನಿಗೆ ಬೆಂಗಳೂರಿಂದ ಬರುವಾಗ ವಿಮಾನದಲ್ಲಿ ಕಿವಿ ನೋವು ಬಂದು ವಾರಗಟ್ಟಲೆ ಒದ್ದಾಡಿದ್ದಳು. ಮತ್ತೆ ವಿಮಾನ ಅಂದ್ರೆ ಬೇಡವೇ ಬೇಡ.

ನಮ್ಮೂರು ಅರಸೀಕೆರೆ. ಜಂಕ್ಷನ್ ಊರಿನವರಿಗೆ ರೈಲು ಅಂದ್ರೆ ಏನು ಅಂತ ಬೇರೆಯವರಿಗೆ ಹೇಳಿದ್ರೆ ಅರ್ಥ ಆಗಲ್ಲ. ನಮ್ಮನೇಲಿ ಗಡಿಯಾರ ನಿಂತುಹೋದ್ರೆ ಯಾರೂ ತಲೆ ಕೆಡಿಸಿಕೊಳ್ತಿರಲಿಲ್ಲ, ಯಾವ ಗಾಡಿ ಕೂಗ್ತು ಅಂತ ಕೇಳಿಸಿಕೊಂಡು ಅಮ್ಮ ಅಕ್ಕಿಗೆ ನೀರಿಡ್ತಿದ್ಲು. ಅಂಥವಳಿಗೆ "ಇಲ್ಲಿ ರೈಲಲ್ಲಿ ಹೋದ್ರೆ ಎರಡು ರಾತ್ರಿ ಆಗುತ್ತಮ್ಮ" ಅಂದ್ರೆ ಹೆದರ್ತಾಳಾ? "ಎರಡೇ ತಾನೇ?" ಅಂದಳು.

ಹೀಗೆ ಶುರುವಾಯ್ತು ನನ್ನ ಟಿಕೆಟ್ ಸಂಶೋಧನೆ.

ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈಚೆದಡದ ಎಮರಿವಿಲ್‌ವರೆಗೆ ದಿನಾ ಒಂದು ಗಾಡಿ ಹೋಗುತ್ತೆ, ಕ್ಯಾಲಿಫೋರ್ನಿಯಾ ಜೆಫರ್ ಅಂತ. 2,438 ಮೈಲಿ, ಅಂದ್ರೆ ನಮ್ಮ ಲೆಕ್ಕದಲ್ಲಿ 3,900 ಕಿಲೋಮೀಟರಿಗೂ ಮೇಲೆ. ಮಧ್ಯಾಹ್ನ ಎರಡಕ್ಕೆ ಶಿಕಾಗೋ ಬಿಟ್ರೆ ಮಾರನೇ ಬೆಳಿಗ್ಗೆ ಡೆನ್ವರ್, ಮೂರನೇ ದಿನ ಮಧ್ಯಾಹ್ನ ಸ್ಯಾಕ್ರಮೆಂಟೋ. ಇದೇ ಹೆಸರಿನ ಹಳೇ ಗಾಡಿ 1949ರಿಂದ 1970ರವರೆಗೆ ಖಾಸಗಿ ಕಂಪನಿಗಳ ಕೈಲಿ ಓಡ್ತಿತ್ತು. 1971ರಲ್ಲಿ ಆಮ್‌ಟ್ರ್ಯಾಕ್ ಹುಟ್ಟಿತು, 1983ರಲ್ಲಿ ಆ ಹೆಸರಿಗೆ ಮತ್ತೆ ಜೀವ ಬಂತು.

ಈ ಗಾಡಿಯಲ್ಲಿ ನಮ್ಮ ಹಾಗೆ ಸ್ಲೀಪರ್, ತ್ರೀ ಎಸಿ, ಟೂ ಎಸಿ ಅಂತ ಮೆಟ್ಟಿಲು ಮೆಟ್ಟಿಲಾಗಿ ತರಗತಿಗಳಿಲ್ಲ. ಒಂದೋ ಕೋಚ್, ಅಂದ್ರೆ ಕೂರೋ ಸೀಟು. ಇಲ್ಲಾ ರೂಮು. ನಮ್ಮಲ್ಲಿ ನೂರಾರು ರೂಪಾಯಿಗೆ ಸಿಗೋ ಬರೀ ಮಲಗೋ ಹಲಗೆ ಇದೆಯಲ್ಲ, ಅದೇ ಇವರ ಹತ್ರ ಇಲ್ಲ! ಸೀಟೇನೋ ಚೆನ್ನಾಗಿರುತ್ತೆ, ಅಗಲ ಇದೆ, ಹಿಂದಕ್ಕೆ ಬಾಗುತ್ತೆ, ಕಾಲಿಡೋಕೆ ಒಂದು ಹಲಗೆ ಮೇಲಕ್ಕೆ ಬರುತ್ತೆ. ಆದರೂ ಸೀಟು ಸೀಟೇ. ರೂಮುಗಳಲ್ಲಿ ಎಲ್ಲಕ್ಕಿಂತ ಸಣ್ಣದು ರೂಮೆಟ್. ಮೂರೂವರೆ ಅಡಿ ಅಗಲ, ಆರೂವರೆ ಅಡಿ ಉದ್ದ. ಎದುರುಬದುರು ಎರಡು ಕುರ್ಚಿ, ರಾತ್ರಿ ಅವೆರಡೂ ಜಾರಿ ಸೇರಿ ಕೆಳಗಿನ ಹಾಸಿಗೆ ಆಗುತ್ತೆ, ಮೇಲಿಂದ ಇನ್ನೊಂದು ಇಳಿಯುತ್ತೆ. ರೂಮಿನವರಿಗೆ ಊಟ ಟಿಕೆಟ್ಟಿನಲ್ಲೇ ಸೇರಿರುತ್ತೆ.

ನನಗೂ ಅಮ್ಮನಿಗೂ ಪೂರ್ತಿ ದಾರಿಗೆ ರೂಮೆಟ್ ನೋಡಿದೆ. ಇಬ್ಬರ ಸೀಟಿನ ದರಕ್ಕೆ ಹೋಲಿಸಿದ್ರೆ ಮೂರು ಪಟ್ಟಿಗೂ ಜಾಸ್ತಿ! ಆ ದುಡ್ಡಲ್ಲಿ ಇಬ್ಬರೂ ವಿಮಾನದಲ್ಲಿ ಹೋಗಿ ವಾಪಸ್ ಬರಬಹುದಿತ್ತು. ಹೆಂಡತಿ ಪರದೆಯ ಮೇಲೆ ಬಗ್ಗಿ ನೋಡಿ ಏನೂ ಹೇಳದೆ ಹೋದಳು. ಅದು ಹೇಳಿದ್ದಕ್ಕಿಂತ ಕಷ್ಟ.

ಮೊದಲು ನನ್ನ ತಲೆಗೆ ಬಂದ ಉಪಾಯ ಅಮ್ಮನಿಗೆ ರೂಮು, ನನಗೆ ಸೀಟು. ಇದು ಶುದ್ಧ ದಡ್ಡತನ ಅಂತ ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು. ಅಲ್ಲಿನ ಲೆಕ್ಕ ಹೇಗಿತ್ತು ಅಂದ್ರೆ ಪ್ರತಿಯೊಬ್ಬರಿಗೂ ಸೀಟಿನ ದರ, ಅದರ ಮೇಲೆ ರೂಮಿಗೆ ಅಂತ ಒಂದು ದರ. ರೂಮಲ್ಲಿ ಒಬ್ಬರಿದ್ರೂ ಇಬ್ಬರಿದ್ರೂ ಆ ದರ ಅಷ್ಟೇ. ಹಾಗಾಗಿ ಎರಡನೆಯವರನ್ನ ಸೀಟಿಗೆ ತಳ್ಳಿದ್ರೆ ಒಂದು ಪೈಸೆ ಉಳಿಯಲ್ಲ, ಇಬ್ಬರ ಊಟದಲ್ಲಿ ಒಬ್ಬರದ್ದು ಹೋಗುತ್ತೆ ಅಷ್ಟೇ. ಅದೂ ಅಲ್ಲದೆ ಸೀಟಿನ ಪ್ರಯಾಣಿಕರು ಮಲಗೋ ಡಬ್ಬಿಯೊಳಗೆ ಹೋಗಿ ಕೂರೋ ಹಾಗಿಲ್ಲ.

ಮನುಷ್ಯರನ್ನ ಹಂಚೋ ಬದಲು ದಾರಿಯನ್ನ ಹಂಚಬೇಕು. ಒಂದೇ ಗಾಡಿಗೆ ಎರಡು ಟಿಕೆಟ್. ನೇಪರ್‌ವಿಲ್‌ನಿಂದ ಡೆನ್ವರ್‌ವರೆಗೆ ಸೀಟು, ಡೆನ್ವರ್‌ನಿಂದ ಸ್ಯಾಕ್ರಮೆಂಟೋವರೆಗೆ ರೂಮೆಟ್. ಮೊದಲ ರಾತ್ರಿ ಅಯೋವಾ, ನೆಬ್ರಾಸ್ಕಾ ಬಯಲು, ಕತ್ತಲಲ್ಲಿ ನೋಡೋದಕ್ಕೂ ಏನಿಲ್ಲ, ಕಣ್ಣು ಮುಚ್ಚಿ ಕೂತ್ರೆ ಆಯ್ತು. ಬೆಳಿಗ್ಗೆ ಡೆನ್ವರಿಂದ ರಾಕಿ ಬೆಟ್ಟಗಳು. ಆಗ ರೂಮು ಸಿಕ್ಕರೆ ಹಗಲಿಡೀ ಕಿಟಕಿ, ರಾತ್ರಿ ಹಾಸಿಗೆ, ಜೊತೆಗೆ ನಾಲ್ಕು ಹೊತ್ತಿನ ಊಟ. ಹೀಗೆ ಕತ್ತರಿಸಿ ಅಂಟಿಸಿದಾಗ ಪೂರ್ತಿ ರೂಮಿನ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಆ ಪ್ರಯಾಣಕ್ಕೆ ನಾನು ಅಮ್ಮನ ಜೊತೆ ಹೊರಟಿದ್ದು ಬರೀ ಅವಳನ್ನ ತಲುಪಿಸೋದಕ್ಕಲ್ಲ. ಅಪ್ಪ ತೀರಿಕೊಂಡು ಆಗ ಒಂದು ವರ್ಷ ಕಳೆದಿತ್ತು. ನಾನೂ ಅಕ್ಕನೂ ಫೋನಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ವಿ. ಅಕ್ಕ ಅಮೆರಿಕದ ಪ್ರಜೆ, ಅಮ್ಮನಿಗೆ ಗ್ರೀನ್ ಕಾರ್ಡಿಗೆ ಅವಳು ಅರ್ಜಿ ಹಾಕೋದು, ಅರಸೀಕೆರೆ ಮನೆ ಮಾರೋದು. ಮನೆಗೆ ಗಿರಾಕಿಯೂ ಬಂದಿದ್ದ. ಅಮ್ಮನಿಗೆ ಹೇಳಿ ಒಪ್ಪಿಸೋ ಕೆಲಸ ನನ್ನ ಪಾಲಿಗೆ ಬಂದಿತ್ತು. ಐವತ್ತು ಗಂಟೆ ಅಮ್ಮ ನನ್ನ ಪಕ್ಕದಲ್ಲೇ ಇರ್ತಾಳೆ, ಎಲ್ಲಾದರೂ ಒಂದು ಕಡೆ ಮಾತು ತೆಗೆದರಾಯ್ತು ಅಂದುಕೊಂಡಿದ್ದೆ.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ನೇಪರ್‌ವಿಲ್‌ನಲ್ಲಿ ಹತ್ತಿದ್ವಿ. ಅಮ್ಮನ ಚೀಲದಲ್ಲಿ ಪುಳಿಯೋಗರೆ, ಚಪಾತಿ, ಮೊಸರನ್ನ, ಒಂದು ಡಬ್ಬ ಕೋಡುಬಳೆ. ಗಾಡಿ ಎರಡು ಅಂತಸ್ತಿನದು. ಡಬ್ಬಿಯಿಂದ ಡಬ್ಬಿಗೆ ಓಡಾಡೋ ದಾರಿ ಮೇಲಂತಸ್ತಿನಲ್ಲಿ, ಹೆಚ್ಚಿನ ಸೀಟುಗಳೂ ಮೇಲೆ. ಮೆಟ್ಟಿಲು ಇಕ್ಕಟ್ಟು, ಮಧ್ಯೆ ತಿರುಗಿಕೊಂಡು ಹೋಗುತ್ತೆ. ಅಮ್ಮ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿದಳು. ನಾನು ಹಿಂದೆ ಚೀಲ ಹಿಡ್ಕೊಂಡು "ನಿಧಾನ, ನಿಧಾನ" ಅಂತಿದ್ದೆ. ಮೊಣಕಾಲು ನೋವಿನವಳು ಅಂತ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಟಿಕೆಟ್ ತೆಗೆಯುವಾಗ ನಾನು ನೋಡಿದ್ದು ಬೆಲೆಯ ಕಾಲಮ್ಮು ಮಾತ್ರ.

ಸಿಬ್ಬಂದಿಯವರು ಬಂದು ನಮ್ಮ ತಲೆಯ ಮೇಲೆ ಒಂದು ಚೀಟಿ ಸಿಕ್ಕಿಸಿ ಹೋದರು. ಇಳಿಯೋ ಊರಿನ ಮೂರಕ್ಷರದ ಗುರುತು ಅದರಲ್ಲಿರುತ್ತೆ, ರಾತ್ರಿ ಆ ಊರು ಬಂದಾಗ ಚೀಟಿ ನೋಡಿ ಎಬ್ಬಿಸ್ತಾರೆ. ಅಮ್ಮ ಅದನ್ನೇ ನೋಡುತ್ತಿದ್ದಳು.

"ನಮ್ಮ ಚೀಟೀಲಿ ಏನು ಬರೆದಿದ್ದಾನೋ?"

"ಡೆನ್ವರ್ ಅಂತ."

"ನಾವು ಹೋಗ್ತಿರೋದು ಅವಳೂರಿಗಲ್ವಾ?"

"ಡೆನ್ವರಿಂದ ಮುಂದಕ್ಕೆ ರೂಮು ಅಮ್ಮ. ಇದೇ ಗಾಡಿ, ಜಾಗ ಮಾತ್ರ ಬೇರೆ."

"ಓಹೋ. ಈಗ ಆರ್‌ಎಸಿ, ಬೆಳಿಗ್ಗೆ ಕನ್ಫರ್ಮು ಅನ್ನು."

ನಾನು ನಕ್ಕೆ. ಇಷ್ಟು ಸರಿಯಾಗಿ ನನ್ನ ಟಿಕೆಟ್ಟನ್ನ ಇನ್ಯಾರಿಗೂ ವಿವರಿಸೋಕೆ ಆಗ್ತಿರಲಿಲ್ಲ.

ಸಂಜೆ ಐದೂವರೆ ಹೊತ್ತಿಗೆ ಬರ್ಲಿಂಗ್‌ಟನ್ ಹತ್ರ ಮಿಸಿಸಿಪ್ಪಿ ದಾಟಿದ್ವಿ. ಅಮ್ಮ ಸೇತುವೆ ಬಂದ ಕೂಡಲೇ ಕೈಮುಗಿದು, ಪರ್ಸಿನಿಂದ ಒಂದು ನಾಣ್ಯ ತೆಗೆದು ಕಿಟಕಿ ಹುಡುಕಿದಳು. ಇಲ್ಲಿ ಕಿಟಕಿ ತೆಗೆಯೋಕೆ ಬರಲ್ಲ ಅಂದೆ. "ಇಷ್ಟು ದೊಡ್ಡ ಹೊಳೆ, ಬರಿಗೈಲಿ ದಾಟಿಸಿದೆಯಲ್ಲೋ" ಅಂತ ನಾಣ್ಯ ವಾಪಸ್ ಇಟ್ಟುಕೊಂಡಳು. ಕತ್ತಲಾಗೋ ಹೊತ್ತಿಗೆ ಪುಳಿಯೋಗರೆ ತೆಗೆದ್ವಿ. ಪಕ್ಕದ ಸಾಲಿನಲ್ಲಿ ಒಂದು ಮಗು ಎದ್ದು ನಿಂತು ನಮ್ಮ ಡಬ್ಬಿಯನ್ನೇ ನೋಡ್ತಿತ್ತು, ಅಮ್ಮ ಅದಕ್ಕೊಂದು ಕೋಡುಬಳೆ ಕೊಟ್ಟಳು, ಅದು ಬಳೆ ಅಂತ ಕೈಗೆ ಹಾಕಿಕೊಂಡಿತು.

ದೀಪ ಕಮ್ಮಿ ಮಾಡಿದರು. ಎಸಿ ಗಾಳಿ ಬೀಸ್ತಿತ್ತು. ಸೀಟಿನವರಿಗೆ ಹೊದಿಕೆ ಕೊಡಲ್ಲ, ನಾವೇ ತಗೊಂಡು ಹೋಗಬೇಕು. ಅಮ್ಮ ಶಾಲು ಹೊದ್ದು, ಸ್ಕಾರ್ಫ್ ಕಟ್ಟಿ, ಕಾಲು ಮೇಲಿಟ್ಟುಕೊಂಡು ಕೂತಳು. ನಾನು ಮನೆ ಮಾತು ತೆಗೆಯೋಣ ಅಂತ ಗಂಟಲು ಸರಿ ಮಾಡಿಕೊಳ್ತಿದ್ದೆ. ಅವಳೇ ಕಿಟಕಿ ಕಡೆ ನೋಡ್ತಾ ಹೇಳಿದಳು:

"ನಂದೂ ಈಗ ಆರ್‌ಎಸಿನೇ ಅಲ್ವೇನೋ? ನಿನ್ನ ಮನೇಲಿ ಮೂರು ತಿಂಗಳು, ಅವಳ ಮನೇಲಿ ಮೂರು ತಿಂಗಳು. ಕೂತ್ಕೊಳ್ಳೋಕೆ ಎಲ್ಲಾ ಕಡೆ ಜಾಗ ಇದೆ."

ತಮಾಷೆಗೆ ಹೇಳಿದ ಹಾಗೇ ಇತ್ತು. ನಾನು ತಮಾಷೆ ಅಂತಲೇ ತಗೊಂಡು "ಕನ್ಫರ್ಮ್ ಮಾಡಿಸ್ತೀವಿ ಬಿಡಮ್ಮ" ಅಂದೆ. ಗ್ರೀನ್ ಕಾರ್ಡ್ ತಲೇಲಿತ್ತು. ಅವಳು ಏನೂ ಅನ್ನಲಿಲ್ಲ. ನಾನು ಬೆಳಿಗ್ಗೆ ರೂಮಿಗೆ ಹೋದ ಮೇಲೆ ಮಾತಾಡೋಣ ಅಂದ್ಕೊಂಡು ನಿದ್ದೆ ಮಾಡಿಬಿಟ್ಟೆ.

ಎಚ್ಚರ ಆದಾಗ ಗಂಟೆ ಎರಡು ಹತ್ತು. ಲಿಂಕನ್ ದಾಟಿ ನೆಬ್ರಾಸ್ಕಾ ನಡುಮಧ್ಯದಲ್ಲಿ ಎಲ್ಲೋ ಇದ್ವಿ. ಪಕ್ಕದ ಸೀಟು ಖಾಲಿ. ಶಾಲು ಅಲ್ಲೇ ಬಿದ್ದಿತ್ತು.

ಈ ಡಬ್ಬಿಗಳಲ್ಲಿ ಶೌಚಾಲಯ ಇರೋದು ಕೆಳಗೆ. ಓಡೋ ಗಾಡೀಲಿ ಆ ತಿರುವು ಮೆಟ್ಟಿಲು ಇಳಿದು ಹೋಗಬೇಕು. ಅಮ್ಮ ಒಬ್ಬಳೇ ಇಳಿದಿದ್ದಳು. ನಾನು ಮೆಟ್ಟಿಲ ಹತ್ರ ಬಗ್ಗಿ ನೋಡಿದರೆ, ಕೆಳಗೆ ಸಾಮಾನಿಡೋ ಕಟ್ಟೆಯ ಪಕ್ಕ, ಯಾರದೋ ದೊಡ್ಡ ಸೂಟ್‌ಕೇಸಿನ ಮೇಲೆ, ಸ್ಕಾರ್ಫ್ ಕಟ್ಟಿಕೊಂಡು, ಕೈಗಳನ್ನ ಸೆರಗಿನೊಳಗೆ ಮುದುರಿಕೊಂಡು ಕೂತಿದ್ದಳು.

"ಯಾಕಮ್ಮ ಇಲ್ಲಿ ಕೂತಿದೀಯಾ?"

"ಇಳಿದುಬಿಟ್ಟೆ ಕಣೋ. ಹತ್ತೋಕೆ ಕಾಲು ಬರ್ಲಿಲ್ಲ."

"ಕೂಗಬಾರದಾ?"

"ಎಲ್ಲಾ ಮಲಗಿದಾರೆ. ನೀನೂ ಮಲಗಿದ್ದೆ."

ಎಷ್ಟು ಹೊತ್ತಿಂದ ಅಂತ ಕೇಳಿದೆ. "ಈಗ" ಅಂದಳು. ಕೈ ಮುಟ್ಟಿದರೆ ತಣ್ಣಗೆ ಕೊರೀತಿತ್ತು. ಅಷ್ಟರಲ್ಲಿ ಡಬ್ಬಿಯ ಅಟೆಂಡೆಂಟ್ ಬಂದ. ಅವನು ಮುಂದೆ, ನಾನು ಹಿಂದೆ, ಮಧ್ಯೆ ಅಮ್ಮ, ಹೀಗೆ ಹತ್ತಿಸಿದ್ವಿ. ಮೇಲೆ ಬಂದ ಮೇಲೆ ಅವನು ಮೆತ್ತಗೆ ಹೇಳಿದ, ಕೆಳಗೂ ಒಂದಷ್ಟು ಸೀಟು ಇದ್ದಾವೆ, ವಯಸ್ಸಾದವರಿಗೆ, ಮೆಟ್ಟಿಲು ಹತ್ತೋಕೆ ಆಗದವರಿಗೆ ಅಂತಲೇ. ಟಿಕೆಟ್ ಮಾಡುವಾಗಲೇ ಕೆಳಗಿನ ಸೀಟು ಬೇಕು ಅಂತ ಆರಿಸಿಕೊಳ್ಳಬಹುದು, ಈಗ ಅವು ತುಂಬಿವೆ. ಬೈದಿದ್ರೆ ಚೆನ್ನಾಗಿತ್ತು.

ಊರಲ್ಲಿ ಟಿಕೆಟ್ ತೆಗೆಯುವಾಗ ಅಮ್ಮನ ವಯಸ್ಸು ಹಾಕಿದ್ರೆ ರೈಲ್ವೆಯವರ ಕಂಪ್ಯೂಟರೇ ಸಾಧ್ಯವಾದಷ್ಟು ಕೆಳಗಿನ ಬರ್ತ್ ಕೊಡೋಕೆ ನೋಡುತ್ತೆ. ಕಂಪ್ಯೂಟರಿಗೆ ಹೊಳೆಯೋದು ಮಗನಿಗೆ ಹೊಳೆಯಲಿಲ್ಲ. ಬೆಳಗಾಗೋ ತನಕ ನಾನು ಮತ್ತೆ ಕಣ್ಣು ಮುಚ್ಚಲಿಲ್ಲ. ಅಮ್ಮ ಮಲಗಿದ ಹಾಗೆ ಮಾಡಿದಳು, ನಾನು ಮಲಗಿದ ಹಾಗೆ ಮಾಡಿದೆ.

ಡೆನ್ವರಿನಲ್ಲಿ ಗಾಡಿ ಮುಕ್ಕಾಲು ಗಂಟೆಗೂ ಮೇಲೆ ನಿಲ್ಲುತ್ತೆ. ಜಾಗ ಬದಲಾಯಿಸೋಕೆ ಇದೇ ಅನುಕೂಲ. ಚೀಲಗಳನ್ನ ಇಳಿಸಿಕೊಂಡು, ಪ್ಲಾಟ್‌ಫಾರಂ ಮೇಲೆ ಎಂಜಿನ್ ಕಡೆ ನಡೆದು, ಮಲಗೋ ಡಬ್ಬಿ ಹತ್ತಿದ್ವಿ. ರೂಮು ಕೆಳಂತಸ್ತಿನಲ್ಲೇ ಸಿಕ್ಕಿತ್ತು. ಇದೂ ನನ್ನ ಜಾಣತನ ಅಲ್ಲ, ಹಾಗೇ ಬಂದಿದ್ದು. ಶೌಚಾಲಯ ನಾಲ್ಕು ಹೆಜ್ಜೆ. ಊಟದ ಡಬ್ಬಿಗೆ ಹತ್ತಿ ಹೋಗೋಕೆ ಆಗದಿದ್ರೆ ಅಟೆಂಡೆಂಟೇ ರೂಮಿಗೆ ತಂದುಕೊಡ್ತಾನೆ. ಅಮ್ಮ ಗಾಜಿನ ಬಾಗಿಲು ಎಳೆದು, ಪರದೆ ಸರಿಸಿ, ಚಪ್ಪಲಿ ಬಿಟ್ಟು ಎದುರು ಸೀಟಿಗೆ ಕಾಲು ಚಾಚಿದಳು. "ಇದು ನಮ್ಮ ದೇವರಮನೆಯಷ್ಟಿದೆ" ಅಂದಳು. ಅಳತೆ ಹಾಕಿ ನೋಡಿದ್ರೆ ಸರಿಯೇ.

ಅಟೆಂಡೆಂಟ್ ಅರವತ್ತರ ಹತ್ತಿರದ ಕರಿಯ ಮನುಷ್ಯ. ಅಮ್ಮನನ್ನ ನೋಡಿ ಮಾತಿಗೆ ಮುಂಚೆ ಎರಡು ದಿಂಬು ಜಾಸ್ತಿ ತಂದುಕೊಟ್ಟ. ಇವರ ಕೆಲಸಕ್ಕೊಂದು ದೊಡ್ಡ ಇತಿಹಾಸ ಇದೆ. ಹಿಂದೆ ಮಲಗೋ ಡಬ್ಬಿಗಳೆಲ್ಲ ಶಿಕಾಗೋದ ಜಾರ್ಜ್ ಪುಲ್ಮನ್ ಕಂಪನಿಯವು. ಹಾಸಿಗೆ ಹಾಸೋರೆಲ್ಲ ಕರಿಯರು. ಪ್ರಯಾಣಿಕರು ಅವರ ಹೆಸರು ಕೇಳೋ ಗೋಜಿಗೇ ಹೋಗದೆ ಎಲ್ಲರನ್ನೂ ಮಾಲೀಕನ ಹೆಸರಿಂದ "ಜಾರ್ಜ್" ಅಂತ ಕರೀತಿದ್ದರಂತೆ. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಅವರು ಸಂಘ ಕಟ್ಟಿದರು, ಹನ್ನೆರಡು ವರ್ಷ ಬಡಿದಾಡಿ 1937ರಲ್ಲಿ ಆ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಇದೇನೂ ಗೊತ್ತಿಲ್ಲದ ಅಮ್ಮ ಮಾಡಿದ ಮೊದಲ ಕೆಲಸ "ಅವನ ಹೆಸರೇನು ಕೇಳೋ" ಅಂದಿದ್ದು. ಎರಡನೆಯದು ಕೋಡುಬಳೆ ಕೊಟ್ಟಿದ್ದು.

ಡೆನ್ವರ್ ಬಿಟ್ಟ ಮೇಲೆ ಗಾಡಿ ಬೆಟ್ಟ ಹತ್ತೋಕೆ ಶುರುಮಾಡುತ್ತೆ. ಸಣ್ಣ ಸಣ್ಣ ಸುರಂಗಗಳು ಒಂದರ ಹಿಂದೆ ಒಂದು. ನಾನು "ಮೇಲೆ ನೋಟದ ಡಬ್ಬಿಗೆ ಹೋಗಿ ಕಾಫಿ ತರ್ತೀನಿ" ಅಂತ ಹೊರಟೆ. ಗಾಜಿನ ಗೋಡೆಗಳ ಆ ಡಬ್ಬಿಗೆ ಸೀಟಿನವರು ರೂಮಿನವರು ಅಂತ ಭೇದ ಇಲ್ಲ, ಯಾರು ಬೇಕಾದರೂ ಕೂರಬಹುದು. ಕಾಫಿ ಅದರ ಕೆಳಗಡೆ ಸಿಗುತ್ತೆ. ಕಾಫಿ ತಗೊಂಡು, ಮೇಲೆ ಬಂದು, ಐದು ನಿಮಿಷ ಬೆಟ್ಟ ನೋಡ್ತಾ ನಿಂತೆ. ಅಷ್ಟರಲ್ಲಿ ಮೈಕಿನಲ್ಲಿ ಹೇಳಿದರು: ಮಾಫಟ್ ಸುರಂಗ ಬರ್ತಿದೆ, ದಾಟೋ ತನಕ ಎಲ್ಲರೂ ಇದ್ದಲ್ಲೇ ಇರಿ, ಡಬ್ಬಿಯಿಂದ ಡಬ್ಬಿಗೆ ಓಡಾಡಬೇಡಿ. ಬಾಗಿಲು ತೆಗೆದ್ರೆ ಎಂಜಿನ್ನಿನ ಹೊಗೆ ಒಳಗೆ ಬರುತ್ತೆ.

ಮಾಫಟ್ ಸುರಂಗ 6.2 ಮೈಲಿ ಉದ್ದ. 1928ರಲ್ಲಿ ತೆರೆದಿದ್ದು. ಅಮೆರಿಕದ ನೀರು ಎರಡು ಸಾಗರಗಳಿಗೆ ಹಂಚಿಹೋಗೋ ಬೆಟ್ಟಸಾಲಿನ ಅಡಿಯಲ್ಲಿ ತೂರಿಕೊಂಡು ಹೋಗುತ್ತೆ. ದಾಟೋಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ನಾನು ಕೈಯಲ್ಲಿ ಎರಡು ಕಾಫಿ ಲೋಟ ಹಿಡ್ಕೊಂಡು ಕತ್ತಲೆ ಗಾಜಿನಲ್ಲಿ ನನ್ನ ಮುಖವನ್ನೇ ನೋಡ್ತಾ ನಿಂತಿದ್ದೆ. ಅಮ್ಮನಿಗೆ ಮೈಕಿನ ಇಂಗ್ಲಿಷ್ ಅರ್ಥ ಆಗಿರಲ್ಲ. ಬಾಗಿಲು ಹಾಕಿದ ಡಬ್ಬಿ, ಹೊರಗೆ ಕತ್ತಲೆ, ಮಗ ಇಲ್ಲ. ಹುಡುಕಿಕೊಂಡು ಎದ್ದು ಬಂದು ಮತ್ತೆ ಆ ಮೆಟ್ಟಿಲು ಹತ್ತಿದ್ರೆ? ಬೆಳಕು ಬಂದದ್ದೇ ಓಡಿದೆ, ಅರ್ಧ ಕಾಫಿ ಅಂಗಿ ಮೇಲೆ.

ಅಮ್ಮ ಕಾಲು ಚಾಚಿಕೊಂಡು ಹಾಗೇ ಕೂತಿದ್ದಳು. ಮಡಿಲಲ್ಲಿ ಬತ್ತಿ ಹೊಸೆಯೋ ಹತ್ತಿ.

"ಹೆದರಿಕೆ ಆಯ್ತಾ?"

"ಯಾಕೆ? ಸುರಂಗ ಅಲ್ವಾ? ಸಕಲೇಶಪುರದ ಘಾಟೀಲಿ 57 ಇದ್ದಾವೆ."

"ಇದು ತುಂಬಾ ಉದ್ದ ಅಮ್ಮ. ಒಬ್ಬಳೇ ಇದ್ದೆ..."

"ಒಬ್ಬಳೇ ಇರೋದು ನನಗೆ ಅಭ್ಯಾಸ ಇದೆ ಕಣೋ. ನಿನಗೇ ಇಲ್ಲ. ಮೊದಲು ಅಂಗಿ ಒರೆಸ್ಕೋ."

ಆಮೇಲಿನ ಹಗಲು ಪೂರ್ತಿ ಕೊಲರಾಡೋ ನದಿ ನಮ್ಮ ಪಕ್ಕದಲ್ಲೇ ಹರೀತಿತ್ತು. ಕೆಂಪು ಕಲ್ಲಿನ ಗೋಡೆಗಳು, ಅರಿಶಿನ ಬಳಿದ ಹಾಗೆ ಹಣ್ಣಾದ ಆಸ್ಪೆನ್ ಮರಗಳು. ಅಮ್ಮ ಬತ್ತಿ ಹೊಸೀತಾ ನೋಡಿದಳು. ಗ್ರ್ಯಾಂಡ್ ಜಂಕ್ಷನ್ ಅನ್ನೋ ಹೆಸರು ಕೇಳಿ ತುಂಬಾ ಆಸೆಯಿಂದ ಕಾಯ್ತಿದ್ದವಳು, ಬಂದಾಗ ನೋಡಿ, "ಇದಕ್ಕಿಂತ ನಮ್ಮ ಜಂಕ್ಷನ್ನೇ ದೊಡ್ಡದು" ಅಂತ ತೀರ್ಪು ಕೊಟ್ಟಳು. ನಾನು ಮಾತ್ರ ಮನೆ ವಿಷಯ ಎತ್ತಲಿಲ್ಲ. ಎತ್ತೋಕೆ ಹೋದಾಗೆಲ್ಲ ಸೂಟ್‌ಕೇಸಿನ ಮೇಲೆ ಮುದುರಿ ಕೂತಿದ್ದೇ ಕಣ್ಣಿಗೆ ಬರ್ತಿತ್ತು.

ರಾತ್ರಿ ಅಟೆಂಡೆಂಟ್ ಬಂದು ಎರಡು ನಿಮಿಷದಲ್ಲಿ ಕುರ್ಚಿಗಳನ್ನ ಹಾಸಿಗೆ ಮಾಡಿದ. ಅಮ್ಮ ಕೆಳಗೆ, ನಾನು ಮೇಲೆ. ಮೇಲಿನ ಹಲಗೆ ಎರಡೇ ಅಡಿ ಅಗಲ, ಕಿಟಕಿ ಇಲ್ಲ, ಬೀಳದ ಹಾಗೆ ಪಟ್ಟಿ ಕಟ್ಟಿಕೊಳ್ಳಬೇಕು. ದೀಪ ಆರಿಸಿದ ಮೇಲೆ ಊರಿಗೆ ಹೋಗೋ ರಾತ್ರಿ ಗಾಡಿಯ ಹಾಗೇ ಆಯ್ತು. ಮುಖ ಕಾಣಲ್ಲ, ದನಿ ಮಾತ್ರ.

"ಮಲಗಿದೆಯೇನೋ?"

"ಇಲ್ಲ."

"ಮನೆ ಮಾರೋ ಯೋಚನೆ ಮಾಡಿದೀರಂತೆ."

ನಾನು ಎದ್ದು ಕೂರೋಕೆ ಹೋಗಿ ತಲೆ ಚಾವಣಿಗೆ ಬಡೀತು. ಯಾರು ಹೇಳಿದ್ರು ಅಂದೆ. ಊರಿಂದ ಪಕ್ಕದ ಮನೆಯವರು ಫೋನ್ ಮಾಡಿದ್ದರಂತೆ, ಯಾರೋ ಬಂದು ಅಳತೆ ಹಿಡೀತಿದ್ರು ಅಂತ. ಒಂದೂವರೆ ತಿಂಗಳಿಂದ ಗೊತ್ತಿತ್ತು ಅವಳಿಗೆ! ನಾನು ಹೇಳಲಿ ಅಂತ ಕಾಯ್ತಿದ್ದಳು.

ನನ್ನ ಹತ್ರ ಇದ್ದ ಕಾರಣಗಳನ್ನೆಲ್ಲ ಹೇಳಿದೆ. ಒಬ್ಬಳೇ ಇದ್ದು ಬಿದ್ದುಗಿದ್ದು ಬಿಟ್ರೆ ನಾವು ಬಂದು ತಲುಪೋಕೇ ಎರಡು ದಿನ ಬೇಕು, ಇಲ್ಲಿದ್ರೆ ನಾವಿರ್ತೀವಿ, ಇತ್ಯಾದಿ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಗಾಡಿ ಎಲ್ಲೋ ನಿಂತು ಮತ್ತೆ ಹೊರಟಿತು.

"ನಿಮ್ಮಪ್ಪ ಹೋದ ಮೇಲೆ ಹತ್ತು ತಿಂಗಳು ಒಬ್ಬಳೇ ಇದ್ದೆ. ಬೆಳಿಗ್ಗೆ ಬಾಗಿಲು ತೆಗೆಯೋದು ಅರ್ಧ ಗಂಟೆ ತಡ ಆದ್ರೆ ಬೀದಿಯವರು ಬಂದು ಕದ ತಟ್ಟೋರು. ನಿನ್ನೆ ರಾತ್ರಿ ನಿನ್ನ ಪಕ್ಕದಲ್ಲೇ ಇದ್ದೆ. ನಾನು ಎದ್ದು ಹೋಗಿದ್ದು ನಿನಗೆ ಗೊತ್ತಾಯ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ.

"ಬೈತಿಲ್ಲ ಕಣೋ. ದುಡಿದು ಸುಸ್ತಾಗಿ ಮಲಗಿದ್ದೆ. ನಿನ್ನ ಮನೇಲೂ ಅಷ್ಟೇ, ಅವಳ ಮನೇಲೂ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಹೋದ್ರೆ ಸಂಜೆ ಆರಕ್ಕೆ ಬರ್ತೀರ. ಅಲ್ಲಿ ಒಬ್ಬಳೇ ಇರ್ತೀನಿ ಅಂತ ಹೆದರಿಕೊಂಡು ಇಲ್ಲಿ ಒಬ್ಬಳೇ ಇರಿಸ್ತೀರ. ಅಲ್ಲಾದ್ರೆ ಆಚೆ ಹೋಗಿ ನಾಲ್ಕು ಜನರ ಹತ್ರ ಕನ್ನಡ ಮಾತಾಡ್ತೀನಿ."

ಸ್ವಲ್ಪ ಹೊತ್ತು ಬಿಟ್ಟು, "ವರ್ಷಕ್ಕೊಂದು ಸಲ ಬಂದು ಹೋಗ್ತೀನಿ. ಮನೆ ಇರಲಿ. ನಾಳೆ ಅವಳಿಗೆ ನೀನೇ ಹೇಳು, ನಾನು ಹೇಳಿದ್ರೆ ಅಳ್ತಾಳೆ" ಅಂದಳು. ಮತ್ತೆ ಎರಡು ನಿಮಿಷಕ್ಕೆ ಗೊರಕೆ. ಗಡಿಯಾರವನ್ನ ಆ ಪ್ರಯಾಣದಲ್ಲಿ ಎರಡು ಸಲ ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ನನಗೆ ಆ ರಾತ್ರಿ ಅದೂ ಸೇರಿ ಇನ್ನೂ ಉದ್ದ ಆಯ್ತು.

ಮಾರನೇ ದಿನ ರೀನೋ ದಾಟಿ ಸಿಯೆರಾ ಬೆಟ್ಟಗಳನ್ನ ಹತ್ತಿಳಿದು ಮಧ್ಯಾಹ್ನ ಸ್ಯಾಕ್ರಮೆಂಟೋ ತಲುಪಿದ್ವಿ. ಅಕ್ಕ ಪ್ಲಾಟ್‌ಫಾರಂ ಮೇಲಿದ್ದಳು. ರಾತ್ರಿ ಅಡುಗೆಮನೇಲಿ ಅವಳಿಗೆ ಹೇಳಿದೆ. ನಾನು ಹೇಳಿದ್ರೂ ಅತ್ತಳು. "ಒಪ್ಪಿಸು ಅಂತ ಕಳಿಸಿದ್ರೆ ನೀನೇ ಒಪ್ಪಿಕೊಂಡು ಬಂದಿದೀಯಲ್ಲೋ" ಅಂತ ಬೈದಳು. ಅದು ನಿಜವೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗಿರಾಕಿಗೆ ಬೇಡ ಅಂತ ಫೋನ್ ಮಾಡಿದ್ದು ಕೊನೆಗೆ ಅವಳೇ. ಅಮ್ಮ ಡಿಸೆಂಬರಿನಲ್ಲಿ ಊರಿಗೆ ಹೋದಳು.

ಕಥೆ ಇಲ್ಲಿಗೆ ಸುಖವಾಗಿ ಮುಗೀತು ಅನ್ನೋ ಹಾಗಿಲ್ಲ. ಮುಂದಿನ ಮಳೆಗಾಲದಲ್ಲಿ ಬಚ್ಚಲಿನ ಹತ್ರ ಜಾರಿ ಬಿದ್ದು ಅಮ್ಮನ ಮಣಿಕಟ್ಟು ಮುರೀತು. ಪಕ್ಕದ ಮನೆಯವರು ಕಾರು ಮಾಡಿಕೊಂಡು ಹಾಸನಕ್ಕೆ ಕರ್ಕೊಂಡು ಹೋಗಿ ಕಟ್ಟು ಹಾಕಿಸಿದರು. ನಾನು ತಲುಪಿದ್ದು ನಾಲ್ಕನೇ ದಿನ. ಅಕ್ಕ ಫೋನಲ್ಲಿ "ನಾನು ಹೇಳಿರಲಿಲ್ವಾ" ಅನ್ನಲಿಲ್ಲ, ಅನ್ನದೇ ಇದ್ದಿದ್ದೂ ಕೇಳಿಸ್ತು. ಆ ರಾತ್ರಿ ಒಪ್ಪಿಕೊಂಡಿದ್ದು ಸರಿಯಾ ತಪ್ಪಾ ಅಂತ ಇವತ್ತಿಗೂ ಕೆಲವು ದಿನ ಹೀಗನ್ನಿಸುತ್ತೆ, ಕೆಲವು ದಿನ ಹಾಗೆ. ಅಮ್ಮ ಮಾತ್ರ ಕೈಗೆ ಕಟ್ಟು ಹಾಕ್ಕೊಂಡು ಜಗಲೀಲಿ ಕೂತು, ಬಂದವರಿಗೆಲ್ಲ ಅಮೆರಿಕದ ರೈಲಿನ ಕಥೆ ಹೇಳ್ತಿದ್ದಳು. ಅದರಲ್ಲಿ ಸೂಟ್‌ಕೇಸಿನ ಭಾಗ ಇರ್ತಿರಲಿಲ್ಲ.

ಅಪ್ಪ ಅಮ್ಮ ಬಂದಾಗ ರೈಲಲ್ಲಿ ಕರ್ಕೊಂಡು ಹೋಗಬೇಕು, ರೂಮಿನ ಬೆಲೆ ನೋಡಿದ್ರೆ ತಲೆ ತಿರುಗುತ್ತೆ, ಏನು ಮಾಡೋದು ಅಂತ ಸ್ನೇಹಿತರು ಕೇಳ್ತಿರ್ತಾರೆ. ನಾನು ಹೇಳೋದು ಇಷ್ಟು. ದಾರಿಯನ್ನ ಹಂಚಿ, ತಪ್ಪೇನಿಲ್ಲ. ಆದರೆ ನನ್ನ ಹಾಗೆ ಒಂದು ರಾತ್ರಿ ಸೀಟಿಗೆ ಬಿಡಬೇಡಿ. ಹಗಲಿಗೆ ಸೀಟು, ರಾತ್ರಿಗೆ ರೂಮು ಅಂತ ಕತ್ತರಿಸಿ. ಒಂದೇ ರಾತ್ರಿಯ ದಾರಿಯಾದ್ರೆ ಇದು ಸುಲಭ. ತುಂಡು ಟಿಕೆಟ್ಟುಗಳನ್ನ ಕೂಡಿಸಿ, ಪೂರ್ತಿ ಟಿಕೆಟ್ಟಿನ ಜೊತೆ ಹೋಲಿಸಿ ನೋಡಿ, ಕೆಲವು ಸಲ ತುಂಡೇ ದುಬಾರಿ ಬೀಳುತ್ತೆ. ಜಾಗ ಬದಲಾಯಿಸೋ ಊರಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುತ್ತಾ ನೋಡಿ. ಹೊದಿಕೆ ತಗೊಂಡು ಹೋಗಿ. ಇದೆಲ್ಲಕ್ಕಿಂತ ಮುಂಚೆ, ಬೆಲೆ ನೋಡೋಕೂ ಮುಂಚೆ, ಕೆಳಗಿನ ಸೀಟು ಅಂತ ಕೇಳಿ.

ಹೋದ ತಿಂಗಳು ನಾನೊಬ್ಬನೇ ರೈಲಲ್ಲಿ ಎಲ್ಲಿಗೋ ಹೊರಟಿದ್ದೆ. ಅಮ್ಮನ ಫೋನ್ ಬಂತು.

"ಎಲ್ಲಿದೀಯೋ? ಸದ್ದು ಬರ್ತಿದೆ."

"ರೈಲಲ್ಲಿ ಅಮ್ಮ."

"ಸೀಟಾ, ರೂಮಾ?"

"ಸೀಟು."

"ಕೆಳಗಿಂದು ತಾನೇ?"

ನನಗಿನ್ನೂ ಮೊಣಕಾಲು ಗಟ್ಟಿ ಇದೆ, ಕೂತಿದ್ದು ಮೇಲಂತಸ್ತಿನಲ್ಲಿ. ಆದರೂ "ಹ್ಞೂಂ ಅಮ್ಮ, ಕೆಳಗಿಂದೇ" ಅಂದೆ.